ನಿಮ್ಮೂರಿನ ಸುದ್ದಿ ನೀವೇ ಬರೆಯಿರಿ, ಆದರೆ ಅಳೆದು ಬರೆಯಿರಿ

ನಮ್ಮ ಕೊಡಗಿನ ಭಾಗಮಂಡಲದಲ್ಲಿ ಹೊಳೆ ರಸ್ತೆ ಮೇಲೆ ಹರಿಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಪೇಪರಿನವರು ಎಷ್ಟು ಕಡೆ ಅಂತ ಓಡಾಡುತ್ತಾರೆ? ಅದಕ್ಕೇ ನೀವು ಬ್ಲಾಗ್ ಬರೆಯಬೇಕು.

ಬ್ಲಾಗರ್ ಅಥವಾ ವರ್ಡ್‌ಪ್ರೆಸ್‌ನಲ್ಲಿ ಪುಕ್ಕಟೆ ಖಾತೆ ತೆರೆಯಿರಿ. ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರದಲ್ಲೇ ಟೈಪ್ ಮಾಡಿ, ಹಳೇ ನುಡಿ ಫಾಂಟಿನದನ್ನು ಹಾಗೇ ಅಂಟಿಸಿದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ.

ಮೊದಲ ಬರಹಕ್ಕೆ ತೋಟದ ಮಳೆಮಾಪಕ ಸಾಕು. ದಿನಾ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯೂ ಲೆಕ್ಕ ತೆಗೆಯುವ ಹೊತ್ತು ಅದು, ನೀರನ್ನು ಅಳತೆ ಗಾಜಿಗೆ ಸುರಿದು ಸಮತಟ್ಟಾದ ಕಡೆ ಇಡಿ, ಬಗ್ಗಿ ಕಣ್ಣಿನ ಮಟ್ಟದಲ್ಲಿ ನೋಡಿ. ಊರು, ತಾರೀಕು, ಅಳತೆ ಬರೆಯಿರಿ. ನಮಗೆ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ರೂಢಿ ಅಲ್ವಾ, ಹೊರಗಿನವರಿಗಾಗಿ ಮಿಲಿಮೀಟರನ್ನೂ ಸೇರಿಸಿ, ಇಂಚಿಗೆ 25.4. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು ಅನ್ನುವುದನ್ನು ಮಾತ್ರ ಬಿಡಬೇಡಿ, ಕಾಫಿ ಬೆಳೆಗಾರರು ಮೊದಲು ಹುಡುಕುವುದು ಅದನ್ನೇ.

ನೋಡದ್ದನ್ನು ಬರೆಯಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ, ಎಲ್ಲಿಯದೋ ಹಳೇ ವಿಡಿಯೋ ಒಂದನ್ನು ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ, ಅದನ್ನು ನೋಡಿ ನಮ್ಮ ನೆಂಟರೊಬ್ಬರು ಸುರಿಯುವ ಮಳೆಯಲ್ಲಿ ರಾತ್ರೋರಾತ್ರಿ ಮನೆ ಬಿಟ್ಟು ಹೊರಟಿದ್ದರು. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಕಣ್ಣಿಟ್ಟು ನೋಡುವವರಿಗೆ ದೊಡ್ಡ ಚಾನೆಲ್ಲೂ ಉತ್ತರ ಕೊಡಬೇಕಾಗುತ್ತದೆ. 2004ರಲ್ಲಿ ಅಮೆರಿಕದ ಸಿಬಿಎಸ್, ಆಗಿನ ಅಧ್ಯಕ್ಷ ಬುಷ್ ಅವರ ಸೇನಾ ಸೇವೆಯದು ಅಂತ ಕೆಲವು ಹಳೇ ಕಾಗದ ತೋರಿಸಿತು. ಅಕ್ಷರ ಟೈಪ್‌ರೈಟರಿನದಲ್ಲ, ಕಂಪ್ಯೂಟರಿನದು ಅಂತ ಹಿಡಿದವರು ಬ್ಲಾಗ್ ಬರೆಯುವವರು. ಕೊನೆಗೆ ಚಾನೆಲ್ ಕ್ಷಮೆ ಕೇಳಿತು.

ನಿಮ್ಮೂರ ರಸ್ತೆ ಒಂದೇ ಮಳೆಗೆ ಕಿತ್ತುಹೋಯಿತಾ? ಬೈದು ಬರೆಯುವ ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಸಿಕ್ಕ ರಸ್ತೆ ಕೆಲಸದ ಬಿಲ್ಲಿನ ಪ್ರತಿಯನ್ನೂ ಗುಂಡಿಯ ಫೋಟೋವನ್ನೂ ಅಕ್ಕಪಕ್ಕ ಹಾಕಿ.

ಹೋಂಸ್ಟೇ, ಜೇನು, ಕಾಫಿಪುಡಿ ಬಗ್ಗೆಯೂ ಬರೆಯಿರಿ, ಮಧ್ಯದವರಿಲ್ಲದೆ ಮಾರಾಟ ಆಗುತ್ತದೆ. ಹೋಂಸ್ಟೇಯಲ್ಲಿ ಪುಕ್ಕಟೆ ತಂಗಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ.

ತಪ್ಪಾದರೆ ಅಳಿಸಬೇಡಿ. ಹಳೇ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ತಾರೀಕಿನ ಸಮೇತ ಬರೆಯಿರಿ.