ಸರ್ವಾಧಿಕಾರದ ಪಾಠ ಹಿಟ್ಲರ್‌ನಿಂದ ಶುರು ಮಾಡಬೇಡಿ

ಪಿಯುಸಿಗೆ ರಾಜ್ಯಶಾಸ್ತ್ರ ಹೇಳುವ ನಮ್ಮಲ್ಲಿ ಎಷ್ಟೋ ಜನ ಈ ಪಾಠವನ್ನು ಹಿಟ್ಲರನ ಮೀಸೆಯಿಂದ ಶುರು ಮಾಡುತ್ತೇವೆ. ಕ್ಲಾಸು ನಗುತ್ತದೆ. ಸರ್ವಾಧಿಕಾರಿ ಎಂದರೆ ಕೆಟ್ಟವನು ಎಂದು ಬರೆದುಕೊಂಡು ಎದ್ದು ಹೋಗುತ್ತದೆ. ನಾನೀಗ ರೋಮ್‌ನಿಂದ ಶುರು ಮಾಡುತ್ತೇನೆ.

ಮೊದಲು ಬೋರ್ಡಿನ ಮೂಲೆಯಲ್ಲಿ ಮೂರು ಪ್ರಶ್ನೆ ಬರೆಯಿರಿ. ನೇಮಿಸಿದ್ದು ಯಾರು? ಯಾವ ಕೆಲಸಕ್ಕೆ? ಇಳಿಯುವುದು ಯಾವಾಗ?

ರೋಮ್ ಗಣರಾಜ್ಯದಲ್ಲಿ ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳು, ಅಂದರೆ ಆಡಳಿತದ ಮುಖ್ಯಸ್ಥರು. ಒಬ್ಬ ಹೂಂ ಅಂದರೆ ಇನ್ನೊಬ್ಬ ಊಹೂಂ ಅನ್ನಬಹುದು. ಶತ್ರು ಬಾಗಿಲಿಗೆ ಬಂದಾಗ ಇದು ಕಷ್ಟ, ಅಲ್ವಾ? ಆಗ ಸೆನೆಟ್ ಎಂಬ ಹಿರಿಯರ ಸಭೆಯ ಸಲಹೆಯಂತೆ ಕಾನ್ಸಲ್ಲೇ ಒಬ್ಬ ಡಿಕ್ಟೇಟರನನ್ನು, ಅಂದರೆ ಸರ್ವಾಧಿಕಾರಿಯನ್ನು, ನೇಮಿಸುತ್ತಿದ್ದ. ಅವಧಿ ಹೆಚ್ಚೆಂದರೆ 6 ತಿಂಗಳು. ಕಾನ್ಸಲ್ ಮುಂದೆ 12 ಭಟರು ನಡೆದರೆ ಇವನ ಮುಂದೆ 24. ಇಷ್ಟಾದರೂ ಅನುಮತಿ ಇಲ್ಲದೆ ಕುದುರೆ ಏರುವಂತಿರಲಿಲ್ಲ! ಈ ಮಾತು ಕ್ಲಾಸಿನಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಕ್ರಿ.ಪೂ. 458ರಲ್ಲಿ ಹೊಲ ಉಳುತ್ತಿದ್ದ ಸಿನ್ಸಿನಾಟಸ್‌ನನ್ನು ಕರೆತಂದರು, ಗೆದ್ದು 16ನೇ ದಿನ ಅಧಿಕಾರ ಬಿಟ್ಟ ಎಂಬ ಕಥೆಯನ್ನೂ ಹೇಳಿ. ಅರ್ಧ ದಂತಕಥೆ ಎಂದೂ ಸೇರಿಸಿ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಚಿಲ್ಲರೆ ಕೆಲಸದ ಡಿಕ್ಟೇಟರ್‌ಗಳು. ಬರೀ ಚುನಾವಣೆ ನಡೆಸಿಕೊಡಲು ನೇಮಕವಾದವರಿದ್ದರು. ಕ್ರಿ.ಪೂ. 363ರಲ್ಲಿ ಸಾಂಕ್ರಾಮಿಕ ರೋಗ ತೊಲಗಲೆಂದು ಗುಡಿಯಲ್ಲಿ ಮೊಳೆ ಹೊಡೆಯಲು ಒಬ್ಬನನ್ನು ನೇಮಿಸಿದರು. ಕೆಲಸ ಮುಗಿಯಿತು, ಹುದ್ದೆಯೂ ಮುಗಿಯಿತು.

ಇಲ್ಲಿಂದ ನಿಧಾನವಾಗಿ ಹೋಗಿ. ಮೂರನೇ ಪ್ರಶ್ನೆ ಬಿದ್ದುಹೋಗುವುದು ಇಲ್ಲೇ. ಕ್ರಿ.ಪೂ. 82ರಲ್ಲಿ ಸೇನಾಪತಿ ಸುಲ್ಲಾನ ನೇಮಕಕ್ಕೆ ಗಡುವೇ ಇರಲಿಲ್ಲ. ಆದರೂ ಅವನು ತಾನಾಗಿ ಇಳಿದ. ಸೀಸರ್ 49ರಲ್ಲಿ 11 ದಿನಕ್ಕೆ ಡಿಕ್ಟೇಟರ್, 46ರಲ್ಲಿ 10 ವರ್ಷಕ್ಕೆ, 44ರಲ್ಲಿ ಜೀವನಪೂರ್ತಿ. ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆಯಿರಿ, ವಿವರಣೆ ಬೇಕಾಗುವುದಿಲ್ಲ. ಆ ಮಾರ್ಚ್ 15ರಂದು ಸೀಸರನ ಕೊಲೆಯಾಯಿತು. ಆಮೇಲೆ ಸೀಸರನ ಆಪ್ತ ಆಂಟನಿ ಆ ಹುದ್ದೆಯನ್ನೇ ರದ್ದು ಮಾಡಿದ.

ಮುಂದಿನ ಶತಮಾನಗಳನ್ನು ಬೇಗ ದಾಟಿ. ಬಹುಕಾಲ ಬೈಗುಳವಾಗಿದ್ದದ್ದು ‘ಟೈರಂಟ್’ (ದಬ್ಬಾಳಿಕೆಯ ದೊರೆ), ‘ಡಿಕ್ಟೇಟರ್’ ಅಲ್ಲ. 1860ರಲ್ಲಿ ಇಟಲಿಯ ಏಕೀಕರಣಕ್ಕೆ ಹೋರಾಡಿದ ಗ್ಯಾರಿಬಾಲ್ಡಿ ಸಿಸಿಲಿಯಲ್ಲಿ ತನ್ನನ್ನು ತಾನೇ ಡಿಕ್ಟೇಟರ್ ಎಂದು ಘೋಷಿಸಿಕೊಂಡ. ನಮ್ಮಲ್ಲೂ 1930ರ ಕಾನೂನುಭಂಗ ಚಳವಳಿಯಲ್ಲಿ ಒಬ್ಬ ನಾಯಕ ಜೈಲಿಗೆ ಹೋದರೆ ಇನ್ನೊಬ್ಬರು ಆ ಜಾಗಕ್ಕೆ ಬರುತ್ತಿದ್ದರು. ಅವರನ್ನು ಕಾಂಗ್ರೆಸ್‌ನವರೇ ಡಿಕ್ಟೇಟರ್ ಎಂದು ಕರೆಯುತ್ತಿದ್ದರು. ಮುಸೊಲಿನಿ, ಹಿಟ್ಲರ್ ಆದ ಮೇಲೆ ಆ ಹೆಸರು ಯಾರಿಗೂ ಬೇಡವಾಯಿತು. ಹಿಟ್ಲರ್ ಈಗ ಬರಲಿ.

‘ಸಾರ್, ತುರ್ತು ಪರಿಸ್ಥಿತಿ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಹೇಳಬೇಡಿ. ಸಂವಿಧಾನದ 352ನೇ ವಿಧಿ ಓದಿಸಿ. 1978ರ 44ನೇ ತಿದ್ದುಪಡಿಯ ನಂತರ ಸಂಪುಟ ಬರಹದಲ್ಲಿ ಸಲಹೆ ಕೊಡಬೇಕು, ಸಂಸತ್ತು ಒಂದು ತಿಂಗಳೊಳಗೆ ಒಪ್ಪಬೇಕು. ಒಪ್ಪಿದರೂ ಅದು ಒಂದು ಸಲಕ್ಕೆ 6 ತಿಂಗಳು ಮಾತ್ರ. ಆ ಅಂಕಿಯನ್ನು ನೀವು ತೋರಿಸಬೇಡಿ, ಅವರೇ ಹಿಡಿಯಲಿ.