ಹೊಸ ಚಿಕ್ಕ ಪಿಸ್ತೂಲಿಗೆ ಮೊದಲು ಖಾಲಿ ಹಾಳೆ

ಹುಬ್ಬಳ್ಳಿ-ಧಾರವಾಡದ ಕಡೆ 10 ಮೀಟರ್ ಶೂಟಿಂಗ್ ರೇಂಜಿಗೆ ಹೋಗುವ ಗೆಳೆಯರೇ, ಹೊಸ ಕಾಂಪ್ಯಾಕ್ಟ್ ಏರ್ ಪಿಸ್ತೂಲ್ ಕೈಗೆ ಬಂದ ದಿನ ಟಾರ್ಗೆಟ್ ಹಾಳೆಯನ್ನು ತಿರುಗಿಸಿ ಹಾಕಿ, ಮೊದಲ 20 ಪೆಲೆಟ್ (ಪುಟ್ಟ ಗುಂಡು) ಬಿಳಿ ಬದಿಗೇ ಹೊಡೆಯಿರಿ. ಕಪ್ಪು ವೃತ್ತ ಕಾಣದಿದ್ದರೆ ಕಣ್ಣು ತಾನಾಗಿ ಮುಂದಿನ ಸೈಟ್ (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತು) ಮೇಲೆ ನಿಲ್ಲುತ್ತದೆ. ಚಿಕ್ಕ ಪಿಸ್ತೂಲಿಗೆ ಇದು ತುಂಬಾ ಮುಖ್ಯ, ಯಾಕೆಂದರೆ ಅದರ ಮುಂದಿನ, ಹಿಂದಿನ ಎರಡು ಸೈಟ್‌ಗಳ ನಡುವಿನ ಅಂತರ ಕಡಿಮೆ. ಅಂತರ 32 ಸೆಂಟಿಮೀಟರ್ ಇದ್ದಾಗ ಸೈಟ್ ಅರ್ಧ ಮಿಲಿಮೀಟರ್ ಸರಿದರೆ ಪೆಲೆಟ್ ಸುಮಾರು 16 ಮಿಲಿಮೀಟರ್ ಆಚೆ ಬೀಳುತ್ತದೆ. 16 ಸೆಂಟಿಮೀಟರ್ ಇದ್ದರೆ ಅದೇ ತಪ್ಪಿಗೆ 31 ಮಿಲಿಮೀಟರ್! 10 ಅಂಕದ ವೃತ್ತದ ಅಗಲವೇ 11.5 ಮಿಲಿಮೀಟರ್ ಅಲ್ವಾ? ತೂತುಗಳು ಎಲ್ಲಿ ಬಿದ್ದವು ಅಂತ ನೋಡಬೇಡಿ, ಎಷ್ಟು ಹತ್ತಿರ ಬಿದ್ದವು ಅಂತ ನೋಡಿ. ಬಲಗೈಯವರಿಗೆ ಕೆಲವು ಮಾತ್ರ ಎಡಕ್ಕೆ ಕೆಳಗೆ ಹೋಗಿದ್ದರೆ, ಹೆಚ್ಚಾಗಿ ಟ್ರಿಗರ್ ಜಗ್ಗಿದ್ದೇ ಕಾರಣ. ಸುಮ್ನೆ ಸೈಟ್ ಸ್ಕ್ರೂ ತಿರುಗಿಸಬೇಡಿ. ಸೈಟ್ ಸರಿಹೊಂದಿಸಲು ಖಾಲಿ ಹಾಳೆ ಕೆಲಸಕ್ಕೆ ಬಾರದು, ಅದಕ್ಕೆ ಕಪ್ಪು ವೃತ್ತವೇ ಬೇಕು. ಹಿಡಿಕೆ ಕೈಗೆ ತೀರಾ ಸಣ್ಣದಾಗಿ, ಕಿರುಬೆರಳು ಕೆಳಗೆ ಜಾರುತ್ತಿದ್ದರೂ ಇದರಿಂದ ಉಪಯೋಗವಿಲ್ಲ, ಮೊದಲು ಹಿಡಿಕೆ ಸರಿಮಾಡಿಸಿ. ಮಳೆಗಾಲದ ಮಬ್ಬು ಬೆಳಕಲ್ಲಿ ಹಾಳೆ ಬೂದಿಯಂತೆ ಕಂಡು ಸೈಟ್ ಕರಗಿಹೋಗುತ್ತದೆ. ಅಂಥ ದಿನ ಟಾರ್ಗೆಟ್ ಮೇಲೆ ದೀಪ ಹಾಕಿಸಿಕೊಂಡೇ ಶುರು ಮಾಡಿ.