ಓದು ಕಲಿಸುವುದನ್ನು ಶಿಕ್ಷಕರಿಗೆ ಕಲಿಸುವ ಬಗೆ

ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ತಿಳಿದು ಓದಬೇಕೆಂಬುದು 2021ರಲ್ಲಿ ಆರಂಭವಾದ ನಿಪುಣ ಭಾರತ ಕಾರ್ಯಕ್ರಮದ ಗುರಿ. ಅದಕ್ಕಾಗಿ ಕೊಪ್ಪಳ ಜಿಲ್ಲೆಯಲ್ಲಿ, ಮುನಿರಾಬಾದಿನ ಡಯಟ್‌ನಲ್ಲಾಗಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹಳ್ಳಿಯ ಕ್ಲಸ್ಟರ್ ಕೇಂದ್ರದಲ್ಲಾಗಲಿ (ಸುತ್ತಲಿನ ಕೆಲವು ಶಾಲೆಗಳಿಗೆ ಒಂದು ಕೇಂದ್ರ), ಶಿಕ್ಷಕರಿಗೆ ತರಬೇತಿ ನಡೆಸುವ ಸಂಪನ್ಮೂಲ ವ್ಯಕ್ತಿಯು ಮೊದಲು ಬದಿಗಿಡಬೇಕಾದದ್ದು ಪಿಪಿಟಿಯನ್ನು, ಅಂದರೆ ಪರದೆಯ ಮೇಲೆ ತೋರಿಸುವ ಸ್ಲೈಡುಗಳನ್ನು.

ತಯಾರಿಯು ತರಬೇತಿಗೆ ಮುಂಚೆಯೇ ಶುರುವಾಗಬೇಕು. ಪ್ರತಿ ಶಿಕ್ಷಕರೂ ಎರಡನೇ ತರಗತಿಯ ಇಬ್ಬರು ಮಕ್ಕಳಿಂದ ಒಬ್ಬೊಬ್ಬರಾಗಿ ಓದಿಸಿ, ಮಗು ಎಲ್ಲಿ ನಿಂತಿತು, ಅಕ್ಷರವೇ ಗೊತ್ತಿರಲಿಲ್ಲವೋ ಅಥವಾ ಗೊತ್ತಿದ್ದೂ ಕೂಡಿಸಲಾಗಲಿಲ್ಲವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತರಲಿ. ಮೊದಲ ಗಂಟೆಯ ಚರ್ಚೆಗೆ ಆ ಹಾಳೆಗಳೇ ಸಾಕು.

ಬಳಿಕ ಶಿಕ್ಷಕರನ್ನೇ ಓದು ಬಾರದವರನ್ನಾಗಿಸಬೇಕು. ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿಕಲಿಯಲ್ಲಿ ಮಕ್ಕಳು ಮೊದಲು ಕಲಿಯುವ ರ, ಗ, ಸ, ದ, ಅ ಅಕ್ಷರಗಳಿಗೆ ಐದು ಹೊಸ ಗುರುತುಗಳನ್ನು ಕಟ್ಟಿಕೊಟ್ಟು, ಆ ಗುರುತುಗಳಲ್ಲಿ ‘ಗರಗಸ’, ‘ಅರಸ’, ‘ದಸರ’ ಎಂದು ಬರೆದು ಓದಿಸಿ. ಇಪ್ಪತ್ತು ವರ್ಷ ಪಾಠ ಮಾಡಿದವರೂ ಬೆರಳಿಟ್ಟು ತಡವರಿಸುತ್ತಾರೆ. ಐದೇ ಅಕ್ಷರ ಕಲಿಸಿ ಕೂಡಲೇ ಪದ ಕಟ್ಟಿಸುವುದು ಏಕೆಂದು ಅವರಿಗೆ ಆಗ ಬೇರೆ ವಿವರಣೆ ಬೇಕಾಗುವುದಿಲ್ಲ.

ಮುಂದಿನದು ಪಾಠದ ಅನುಕ್ರಮ. ಶಿಕ್ಷಕರು ಮೊದಲು ತಾವು ಓದಿ ತೋರಿಸುವುದು, ಆಮೇಲೆ ಮಕ್ಕಳೊಡನೆ ಸೇರಿ ಓದುವುದು, ಕೊನೆಗೆ ಮಗುವೊಂದರಿಂದಲೇ ಓದಿಸುವುದು. ಇದನ್ನು ಜೋಡಿಗಳಲ್ಲಿ, ಒಬ್ಬರು ಮಗುವಾಗಿ ಮತ್ತೊಬ್ಬರು ಗುರುವಾಗಿ, ಹಲವು ಸಲ ಮಾಡಿಸಬೇಕು; ತರಬೇತಿಯ ಅರ್ಧ ಸಮಯ ಇದಕ್ಕೇ ಹೋದರೂ ನಷ್ಟವಿಲ್ಲ.

ಕಾಗುಣಿತಕ್ಕೆ ಹೆಚ್ಚು ಹೊತ್ತು ಕೊಡಿ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಒಪ್ಪಿಸುವ ಮಗುವಿಗೆ ‘ಕೂ’ ಒಂದನ್ನೇ ತೋರಿಸಿದರೆ, ಅದು ಮತ್ತೆ ‘ಕ’ದಿಂದ ಹೊರಟು ಅಲ್ಲಿಗೆ ಬರುತ್ತದೆ. ಅದು ಬಾಯಿಪಾಠ, ಓದಲ್ಲ. ಆದ್ದರಿಂದ ಒಂದು ಸ್ವರಚಿಹ್ನೆಯನ್ನು ಕಲಿತ ಅಕ್ಷರಗಳಿಗೆಲ್ಲ ಸೇರಿಸಿ, ಸಾಲು ತಪ್ಪಿಸಿ ಕೇಳುವುದನ್ನು ಶಿಕ್ಷಕರು ರೂಢಿಸಿಕೊಳ್ಳಬೇಕು. ಒತ್ತಕ್ಷರಗಳು ಅನಂತರ; ಅವುಗಳಲ್ಲಿಯೂ ಅರ್ಕಾವತ್ತು ಕೊನೆಗಿರಲಿ, ಏಕೆಂದರೆ ‘ಸೂರ್ಯ’ ಎಂಬಲ್ಲಿ ಕಿವಿಗೆ ಮೊದಲು ಕೇಳುವ ರಕಾರ ಕಣ್ಣಿಗೆ ಕಾಣುವುದು ಯಕಾರದ ನಂತರ.

ನಮ್ಮ ಭಾಗದ ಮಾತೊಂದುಂಟು. ‘ಶಾಲೆ’ ಎಂಬುದನ್ನು ‘ಸಾಲಿ’ ಎಂದು ಓದಿದ ಮಗುವಿಗೆ ಅರ್ಥ ಸಿಕ್ಕಿದೆ. ಅದನ್ನು ಗದರದೆ, ಮೊದಲು ಮೆಚ್ಚಿ, ಆಮೇಲೆ ಅಕ್ಷರದ ಕಡೆ ಬೆರಳು ತೋರಿಸುವುದನ್ನೂ ಅಭ್ಯಾಸ ಮಾಡಿಸಬೇಕು. ಮನೆಯಲ್ಲಿ ಲಂಬಾಣಿ, ತೆಲುಗು ಅಥವಾ ಉರ್ದು ಆಡುವ ಮಕ್ಕಳಿಗಾದರೋ, ಪದವನ್ನು ಓದಿಸುವ ಮೊದಲು ವಸ್ತುವನ್ನೋ ಚಿತ್ರವನ್ನೋ ತೋರಿಸಿ ಮಾತಾಡಿಸುವುದು ಅಗತ್ಯ.

ತರಬೇತಿ ಮುಗಿದ ಹದಿನೈದು ದಿನಗಳೊಳಗೆ ಸಿಆರ್‌ಪಿಯವರು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ತರಗತಿಗೆ ಹೋಗಲಿ. ದಾಖಲೆ ಪುಸ್ತಕಗಳನ್ನು ತರಿಸದೆ, ಮಕ್ಕಳ ಜೊತೆ ಕುಳಿತು ಒಂದು ಪಾಠ ನೋಡಿ, ಅದೇ ಇಬ್ಬರು ಮಕ್ಕಳಿಂದ ಶಿಕ್ಷಕರ ಎದುರಿನಲ್ಲೇ ಓದಿಸಿ, ಈಗ ಎಲ್ಲಿ ನಿಂತರೆಂಬುದನ್ನು ಹಳೆಯ ಹಾಳೆಯ ಪಕ್ಕದಲ್ಲಿಯೇ ಬರೆದಿಡಲಿ.